ರೋಮನ್ ಲೀಜನ್ ನಾಣ್ಯಗಳು: ಸಾರ್ವಜನಿಕರ ಮಾಹಿತಿಗಾಗಿ

ಪ್ರಾಚೀನ ನಾಣ್ಯಗಳ ಪರಿಶೀಲನೆ ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ, ರೋಮನ್ ಸೇನಾಪಡೆಗಳ ಹೆಸರು ಹೊತ್ತ ನಾಣ್ಯಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ. ಲೀಜನ್ ಎಂಬುದು ಸುಮಾರು ಐದು ಸಾವಿರ ಕಾಲಾಳುಗಳ ಪಡೆ. ಪ್ರತಿಯೊಂದು ಪಡೆಗೂ ಕ್ರಮಸಂಖ್ಯೆ, ಸಾಮಾನ್ಯವಾಗಿ ಒಂದು ಬಿರುದು ಹಾಗೂ ಹದ್ದಿನ ಆಕೃತಿಯುಳ್ಳ ಧ್ವಜದಂಡ ಇರುತ್ತಿದ್ದವು.

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದವು ಮಾರ್ಕ್ ಆಂಟನಿ ಕ್ರಿ.ಪೂ. 32-31ರಲ್ಲಿ ಟಂಕಿಸಿದ ಡಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು. ಆಕ್ಟೇವಿಯನ್ನನ ವಿರುದ್ಧ ಯುದ್ಧಕ್ಕೆ ಸಿದ್ಧನಾಗುತ್ತಿದ್ದ ಆಂಟನಿಗೆ ಸೈನಿಕರ ವೇತನ ಪಾವತಿಸಲು ಅಪಾರ ಸಂಖ್ಯೆಯ ನಾಣ್ಯಗಳು ಬೇಕಾಗಿದ್ದವು. ಒಬ್ಬ ಸೈನಿಕನ ವಾರ್ಷಿಕ ವೇತನ 225 ಡಿನಾರಿಯಸ್ ಇದ್ದ ಕಾಲವದು. ನಾಣ್ಯದ ಮುಮ್ಮುಖದಲ್ಲಿ ಹುಟ್ಟುಗೋಲುಗಳ ಯುದ್ಧನೌಕೆ, ಹಿಮ್ಮುಖದಲ್ಲಿ ಎರಡು ಧ್ವಜಗಳ ನಡುವೆ ಹದ್ದು, ಅದರೊಡನೆ 'ಲೆಗ್' ಎಂಬ ಸಂಕ್ಷಿಪ್ತ ಪದ ಮತ್ತು ರೋಮನ್ ಅಂಕಿಗಳಲ್ಲಿ ಪಡೆಯ ಸಂಖ್ಯೆ ಇರುತ್ತದೆ. 2ರಿಂದ 23ರವರೆಗಿನ ಸಂಖ್ಯೆಗಳು ಚಿರಪರಿಚಿತ. ಮುಮ್ಮುಖದ ಬರಹವು ಆಂಟನಿಯನ್ನು ಗಣರಾಜ್ಯದ ಪುನರ್ವ್ಯವಸ್ಥೆಗೆ ನೇಮಕಗೊಂಡ ಮೂವರಲ್ಲಿ ಒಬ್ಬನೆಂದು ಕರೆಯುತ್ತದೆ. ಆ ಮೂವರಲ್ಲಿ ಲೆಪಿಡಸ್ ಕ್ರಿ.ಪೂ. 36ರಲ್ಲೇ ಅಧಿಕಾರ ಕಳೆದುಕೊಂಡಿದ್ದನು. ಇನ್ನೊಬ್ಬ ಆಕ್ಟೇವಿಯನ್ನನೇ ಈಗ ಎದುರಾಳಿ. ಬಿರುದು ಮಾತ್ರ ಬದಲಾಗಿರಲಿಲ್ಲ.

ಈ ನಾಣ್ಯಗಳಲ್ಲಿ ಬೆಳ್ಳಿಯ ಪ್ರಮಾಣ ಆ ಕಾಲದ ಇತರ ಡಿನಾರಿಯಸ್‌ಗಳಿಗಿಂತ ಕಡಿಮೆ. ಅವುಗಳ ದೀರ್ಘಾಯುಷ್ಯಕ್ಕೆ ಇದೇ ಕಾರಣವಾಯಿತು. ಕಳಪೆ ಹಣವು ಒಳ್ಳೆಯ ಹಣವನ್ನು ಚಲಾವಣೆಯಿಂದ ಹೊರದೂಡುತ್ತದೆ ಎಂಬ ಗ್ರೆಷಮ್ ನಿಯಮವನ್ನು ವಾಣಿಜ್ಯಶಾಸ್ತ್ರ ವ್ಯಾಸಂಗ ಮಾಡಿದವರು ಬಲ್ಲರು. ಶುದ್ಧ ಬೆಳ್ಳಿಯ ನಾಣ್ಯಗಳನ್ನು ಜನರು ಕೂಡಿಟ್ಟರು ಅಥವಾ ಕರಗಿಸಿದರು. ಆಂಟನಿಯ ನಾಣ್ಯಗಳು ಕೈಯಿಂದ ಕೈಗೆ ಸಾಗುತ್ತ, ಸವೆಯುತ್ತ, ಕ್ರಿ.ಶ. ಮೂರನೆಯ ಶತಮಾನದವರೆಗೂ ಚಲಾವಣೆಯಲ್ಲಿ ಉಳಿದವು. ಕ್ರಿ.ಪೂ. 31ರ ಸೆಪ್ಟೆಂಬರ್ 2ರಂದು ಆಕ್ಟಿಯಂನಲ್ಲಿ ಆಂಟನಿ ಸೋತನು. ಅವನ ಪಡೆಗಳಲ್ಲಿ ಕೆಲವು ವಿಜೇತನ ಸೇನೆ ಸೇರಿದವು, ಉಳಿದವು ವಿಸರ್ಜನೆಗೊಂಡವು. ಹೀಗೆ ಇಲ್ಲವಾದ ಪಡೆಗಳ ಹೆಸರುಗಳು ಮಾರುಕಟ್ಟೆಯ ಚಿಲ್ಲರೆಯಲ್ಲಿ ಎರಡು ಶತಮಾನಕ್ಕೂ ಮಿಕ್ಕಿ ಓಡಾಡಿದವು.

ಒಂದು ಸಂಗತಿಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಅರಣ್ಯದಲ್ಲಿ ಸೇನಾಪತಿ ವಾರಸ್‌ನೊಡನೆ 17, 18 ಮತ್ತು 19ನೆಯ ಲೀಜನ್‌ಗಳು ನಾಶವಾದವು. ಆ ಸಂಖ್ಯೆಗಳನ್ನು ಮತ್ತೆಂದೂ ಯಾವ ಪಡೆಗೂ ನೀಡಲಿಲ್ಲ. ಆಂಟನಿಯ ನಾಣ್ಯಗಳಲ್ಲಿಯೂ ಇವೇ ಸಂಖ್ಯೆಗಳಿರುವುದರಿಂದ ಅವು ವಾರಸ್‌ನ ಪಡೆಗಳ ನಾಣ್ಯಗಳೆಂದು ಹೇಳಿ ಮಾರುವವರಿದ್ದಾರೆ. ಇದು ಸರಿಯಲ್ಲ. ಅಂತರ್ಯುದ್ಧದ ಕಾಲದಲ್ಲಿ ಇಬ್ಬರು ನಾಯಕರೂ ತಮ್ಮ ಪಡೆಗಳಿಗೆ ಪ್ರತ್ಯೇಕವಾಗಿ ಸಂಖ್ಯೆ ನೀಡುತ್ತಿದ್ದರು. ಆದುದರಿಂದ ಸಂಖ್ಯೆಯೊಂದನ್ನೇ ನೋಡದೆ ನಾಣ್ಯ ಹೊರಡಿಸಿದವನನ್ನೂ ಪರಿಗಣಿಸುವುದು ಅಗತ್ಯ.

ಕ್ರಿ.ಶ. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್ 15 ಲೀಜನ್‌ಗಳ ಹೆಸರಿನಲ್ಲಿ ನಾಣ್ಯ ಹೊರಡಿಸಿದನು. ಇವು ರೈನ್ ಹಾಗೂ ಡ್ಯಾನ್ಯೂಬ್ ಗಡಿಯ, ಅವನನ್ನು ಬೆಂಬಲಿಸಿದ ಪಡೆಗಳು. ಕಾರ್ನುಂಟಂನಲ್ಲಿ ಅವನನ್ನು ಚಕ್ರವರ್ತಿಯೆಂದು ಘೋಷಿಸಿದಾಗ ಅಲ್ಲಿದ್ದ 14ನೆಯ ಲೀಜನ್‌ಗೆ ಇವುಗಳಲ್ಲಿ ಹಿರಿಯ ಸ್ಥಾನವಿದೆ. ಪ್ರತಿಸ್ಪರ್ಧಿ ನೈಗರ್‌ನ ಪೂರ್ವದ ಪಡೆಗಳ ಹೆಸರು ಇಲ್ಲಿಲ್ಲ. ಮುಂದೆ ಸುಮಾರು ಕ್ರಿ.ಶ. 260ರ ವೇಳೆಗೆ ಗ್ಯಾಲಿಯೆನಸ್ ಮಿಲಾನ್‌ನಲ್ಲಿ ಟಂಕಿಸಿದ ನಾಣ್ಯಗಳು ಗೂಳಿ, ಸಿಂಹ, ಕೊಕ್ಕರೆ ಮೊದಲಾದ ಲಾಂಛನಗಳೊಡನೆ ಪಡೆಗಳನ್ನು 'ಆರು ಬಾರಿ ನಿಷ್ಠ', 'ಏಳು ಬಾರಿ ನಿಷ್ಠ' ಎಂದು ಕೊಂಡಾಡುತ್ತವೆ. ಅಷ್ಟರಲ್ಲಿ ನಾಣ್ಯದ ಬೆಳ್ಳಿ ಬಹಳವಾಗಿ ಕುಸಿದಿತ್ತು. ಬೆಳ್ಳಿಯಲ್ಲಿ ಕೊಡಲಾಗದುದನ್ನು ಹೊಗಳಿಕೆಯಲ್ಲಿ ಕೊಟ್ಟಂತೆ ತೋರುತ್ತದೆ.

ಕರ್ನಾಟಕದಲ್ಲಿಯೂ ರೋಮನ್ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದ 1891ರ ನಿಧಿ ಹಾಗೂ ಚಿತ್ರದುರ್ಗ ಸಮೀಪದ ಚಂದ್ರವಳ್ಳಿ ಇದಕ್ಕೆ ನಿದರ್ಶನ. ಆದರೆ ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುಖಚಿತ್ರವುಳ್ಳ ಉತ್ತಮ ಬೆಳ್ಳಿಯ ನಾಣ್ಯಗಳೇ ಕಂಡುಬರುತ್ತವೆ. ಆದ್ದರಿಂದ ಸ್ಥಳೀಯವಾಗಿ ದೊರೆತದ್ದೆಂದು ಹೇಳಿ ಲೀಜನ್ ನಾಣ್ಯವನ್ನು ಮಾರಲು ಬಂದರೆ ಖರೀದಿಗೆ ಮುನ್ನ ಎಚ್ಚರ ವಹಿಸುವುದು. ಅಂಚಿನ ಸುತ್ತ ಎರಕದ ಗೆರೆ ಕಂಡರೆ ನಕಲಿನ ಸಂಶಯಕ್ಕೆ ಆಸ್ಪದವಿದೆ.

ಹೊಲ ಉಳುವಾಗ ಅಥವಾ ಪಾಯ ತೋಡುವಾಗ ಹಳೆಯ ನಾಣ್ಯಗಳು ಸಿಕ್ಕಲ್ಲಿ ನಿಧಿಗೆ ಸಂಬಂಧಿಸಿದ ಕಾನೂನಿನಂತೆ ಜಿಲ್ಲಾಧಿಕಾರಿಗಳ ಗಮನಕ್ಕೆ ತರತಕ್ಕದ್ದು. ನಾಣ್ಯಗಳನ್ನು ಹುಣಸೆಹಣ್ಣು ಅಥವಾ ಬೂದಿಯಿಂದ ಉಜ್ಜಬಾರದು, ಅವು ಇದ್ದ ಮಡಕೆಯನ್ನು ಎಸೆಯಬಾರದು. ದೊರೆತ ಸ್ಥಳ, ಆಳ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು ನಾಣ್ಯಗಳೊಡನೆ ಹಾಜರುಪಡಿಸಲು ಕೋರಲಾಗಿದೆ.