ಆಂಗಿಕವೂ ಅನುಭವವೂ: ಚಂದ್ರಲೇಖಾ ಅವರ ನೃತ್ಯಪ್ರಬಂಧಗಳು

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕು ಬಗೆಯದೆಂಬುದು ನಾಟ್ಯಶಾಸ್ತ್ರವನ್ನು ಬಲ್ಲವರಿಗೆಲ್ಲ ವಿದಿತವಾದ ವಿಷಯ. ಸಾಹಿತ್ಯಾಭ್ಯಾಸಿಗಳಾದ ನಾವು ಇವುಗಳಲ್ಲಿ ವಾಚಿಕ ಸಾತ್ತ್ವಿಕಗಳ ವಿಚಾರವನ್ನೇ ವಿಶೇಷವಾಗಿ ಬೆಳೆಸಿ, ಆಂಗಿಕವನ್ನು ಪದಾರ್ಥವನ್ನು ಹೊತ್ತು ತರುವ ವಾಹನವೆಂದಷ್ಟೇ ಎಣಿಸುತ್ತ ಬಂದಿದ್ದೇವೆ. ಈ ಎಣಿಕೆ ಸರಿಯೇ ಎಂಬ ಪ್ರಶ್ನೆಯನ್ನು ಲೇಖನಿಯಿಂದಲ್ಲ, ರಂಗದ ಮೇಲೆಯೇ ಎತ್ತಿದವರು ಚಂದ್ರಲೇಖಾ (1928–2006). ತನ್ನ ಶರೀರವನ್ನು ಒಳಗಿನಿಂದ ಅರಿಯುವ ಸಾಧನೆಯೂ ತನ್ನ ಬಾಳಿನಲ್ಲಿ ಕಂಡುಂಡ ಅನುಭವವೂ ಕೂಡಿ ನೃತ್ಯಪ್ರಬಂಧವಾಗುವ ಬಗೆಗೆ ಇವರ ಕೃತಿಗಳಿಗಿಂತ ಸ್ಪಷ್ಟವಾದ ನಿದರ್ಶನವು ಈ ದೇಶದಲ್ಲಿ ದೊರೆಯುವುದು ಕಷ್ಟ.

ಮಹಾರಾಷ್ಟ್ರದ ವಾಡಾ ಎಂಬಲ್ಲಿ ಹುಟ್ಟಿದ ಇವರು ನ್ಯಾಯಶಾಸ್ತ್ರದ ವ್ಯಾಸಂಗವನ್ನು ನಡುವೆಯೇ ಬಿಟ್ಟು ಮದರಾಸಿಗೆ ಬಂದು, ಕಾಂಚೀಪುರದ ಎಲ್ಲಪ್ಪ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಕಲಿತರು. ಅದು ಆ ನೃತ್ಯದ ಇತಿಹಾಸದಲ್ಲಿ ಸಂಧಿಕಾಲ. ಮದರಾಸಿನ ಸಂಗೀತ ಅಕಾಡೆಮಿಯ ವೇದಿಕೆಯು 1931ರಲ್ಲಿ ಅದಕ್ಕೆ ಮಾನ್ಯತೆಯನ್ನು ಕೊಟ್ಟಿತು. 1935ರಲ್ಲಿ ರುಕ್ಮಿಣೀದೇವಿಯವರು ಅಡಯಾರಿನಲ್ಲಿ ನರ್ತಿಸಿದರು. 1947ರಲ್ಲಿ ದೇವದಾಸೀ ಪದ್ಧತಿಯು ಮದರಾಸು ಪ್ರಾಂತದಲ್ಲಿ ಶಾಸನದಿಂದ ನಿಷಿದ್ಧವಾಯಿತು. (ಮೈಸೂರು ಸಂಸ್ಥಾನವು ದೇವಾಲಯಗಳಲ್ಲಿ ಆ ಸೇವೆಯನ್ನು ನಿಲ್ಲಿಸುವ ಕ್ರಮವನ್ನು 1909ರಷ್ಟು ಹಿಂದೆಯೇ ಕೈಗೊಂಡಿದ್ದಿತು.) ಕಲೆಯು ಗುಡಿಯಿಂದಲೂ ಮನೆತನಗಳಿಂದಲೂ ಸಭಾಂಗಣಕ್ಕೆ ದಾಟುವಾಗ ಮೈಯ ವಿಷಯದಲ್ಲಿ ಒಂದು ಸಂಕೋಚವನ್ನೂ ಜೊತೆಗೆ ತಂದಿತೆಂದು ನನ್ನ ಅಭಿಪ್ರಾಯ.

1952ರಲ್ಲಿ ನಡೆದ ಚಂದ್ರಲೇಖಾ ಅವರ ರಂಗಪ್ರವೇಶವು ರಾಯಲಸೀಮೆಯ ಕ್ಷಾಮನಿವಾರಣೆಯ ನಿಧಿಗಾಗಿ ಏರ್ಪಟ್ಟುದು. ಅಂದು ಅಭಿನಯಿಸಿದ ಪದಗಳಲ್ಲಿ "ಮಥುರಾನಗರಿಲೋ" ಎಂಬುದೂ ಒಂದು. ಯಮುನೆಯ ನೀರು, ಅದರ ತೆರೆ, ಜಲಕ್ರೀಡೆ, ಇವುಗಳ ಸಮೃದ್ಧಿಯನ್ನು ಹಸ್ತಗಳಿಂದ ತೋರುತ್ತಿರುವಾಗಲೇ, ಪತ್ರಿಕೆಗಳಲ್ಲಿ ಕಂಡ ಬಿರುಕುಬಿಟ್ಟ ನೆಲವೂ ನೀರಿಗಾಗಿ ಸಾಲುಗಟ್ಟಿ ನಿಂತ ಜನರೂ ಅವರ ಕಣ್ಣಮುಂದೆ ಬಂದರು. ನೃತ್ಯವೇನೋ ಮುಂದುವರಿಯಿತು, ಆದರೆ ಕಲೆಗೂ ಬಾಳಿಗೂ ನಡುವಿನ ಆ ಒಡಕನ್ನು ಅವರು ಮುಂದೆಂದೂ ಮರೆಯಲಿಲ್ಲ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ಸಾಹಿತ್ಯದ ಮೇಲಣ ಜುಗುಪ್ಸೆಯ ಆರಂಭವೆಂದು ತಿಳಿಯುವರು. ಇದು ಸರಿಯಲ್ಲ. ಪದದ ಅರ್ಥವು ನರ್ತಕಿಗೆ ಬರಿಯ ನೆಪವಾಗಿದ್ದ ಪಕ್ಷದಲ್ಲಿ, ಹಾಡಿನ ನೀರಿಗೂ ರಾಯಲಸೀಮೆಯ ಬರಕ್ಕೂ ವಿರೋಧವೇ ತೋರುತ್ತಿರಲಿಲ್ಲ. ಮಾತನ್ನು ನಂಬಿದವರಿಗೆ ಮಾತ್ರ ಮಾತು ಹೀಗೆ ಚುಚ್ಚಬಲ್ಲುದು.

1960ರಲ್ಲಿ "ದೇವದಾಸಿ", 1970ರ ದಶಕದ ಮೊದಲಲ್ಲಿ "ನವಗ್ರಹ" ಎಂಬ ರಚನೆಗಳಾದ ಮೇಲೆ ಅವರು ಬಹುಕಾಲ ರಂಗದಿಂದ ದೂರವಿದ್ದು, ಬರವಣಿಗೆ, ಚಿತ್ರರಚನೆ, ಸ್ತ್ರೀಯರ ಚಳವಳಿಗಳಲ್ಲಿ ತೊಡಗಿದರು. 1984ರಲ್ಲಿ ಮುಂಬಯಿಯ ಪ್ರಾಚ್ಯ-ಪಾಶ್ಚಾತ್ಯ ನೃತ್ಯಸಮ್ಮೇಳನದಿಂದ ಪುನಃ ಬೆಳಕಿಗೆ ಬಂದು, 1985ರಲ್ಲಿ "ಅಂಗಿಕ"ವನ್ನು ರಚಿಸಿದರು. ಆಭರಣ ಅಲಂಕಾರಗಳ ಆಡಂಬರವಿಲ್ಲ, ದೇವತಾಕಥೆಯಿಲ್ಲ. ಕೇರಳದ ಕಳರಿಪ್ಪಯಟ್ಟಿನ ಸಾಧಕರೂ ಭರತನಾಟ್ಯದ ನರ್ತಕಿಯರೂ ಒಂದೇ ರಂಗದಲ್ಲಿ ನಿಂತರು. ಗಜ, ಸಿಂಹ, ಅಶ್ವ, ವರಾಹ ಮೊದಲಾದ ಪ್ರಾಣಿಗಳ ಹೆಸರನ್ನು ಹೊತ್ತ ಕಳರಿಯ ನಿಲವುಗಳಲ್ಲಿ ಮೈಯ ಭಾರವು ಸೊಂಟದಿಂದ ನೆಲಕ್ಕೆ ಇಳಿಯುವ ರೀತಿಯನ್ನು ನೋಡಿದವರಿಗೆ, ಅರೆಮಂಡಿಯು ಚೆಲುವಿಗಾಗಿ ಕಲ್ಪಿತವಾದ ಭಂಗಿಯಲ್ಲ, ಬಲದ ನೆಲೆಯೆಂಬುದು ಮನವರಿಕೆಯಾಗುತ್ತದೆ.

ಯೋಗ, ಕಳರಿ, ನೃತ್ಯಗಳು ಒಂದೇ ಬೇರಿನವೆಂಬ ಮಾತನ್ನು ಇತಿಹಾಸದ ನಿರ್ಣಯವಾಗಿ ಒಪ್ಪಲು ನಾನು ಸಿದ್ಧನಲ್ಲ. ಅವುಗಳ ನೆರೆಹೊರೆಗೆ ಮಾತ್ರ ಆಧಾರವುಂಟು. ಭರತನು ಚಾರಿಗಳನ್ನು ಹೇಳುವ ಸಂದರ್ಭದಲ್ಲಿಯೇ ವ್ಯಾಯಾಮವನ್ನೂ, ರಂಗದಲ್ಲಿ ಶಸ್ತ್ರಗಳನ್ನು ಬಳಸುವ ನಾಲ್ಕು ನ್ಯಾಯಗಳನ್ನೂ ಹೇಳುತ್ತಾನೆ. ಎಣ್ಣೆಯನ್ನೋ ಯವದ ಗಂಜಿಯನ್ನೋ ಮೈಗೆ ತಿಕ್ಕಿಕೊಂಡು ಅಭ್ಯಾಸ ಮಾಡಬೇಕೆಂದು ವಿಧಿಸುತ್ತಾನೆ. ಕಳರಿಯಲ್ಲಿಯೂ ಎಣ್ಣೆಯ ಉಜ್ಜುವಿಕೆಯು ಶಿಕ್ಷಣದ ಅಂಗವೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ "ಮಾನಸೋಲ್ಲಾಸ"ದಲ್ಲಿ ಮಲ್ಲವಿನೋದವೂ ನೃತ್ಯವಿನೋದವೂ ಒಂದೇ ವಿಂಶತಿಯಲ್ಲಿ ಸೇರಿವೆ. ಇನ್ನು, ಮೈಸೂರಿನ ಆಸ್ಥಾನ ವಿದುಷಿ ಜಟ್ಟಿ ತಾಯಮ್ಮನವರ (1857–1947) ಹೆಸರಿನಲ್ಲಿಯೇ ಮಲ್ಲರ ಮನೆತನದ ಗುರುತಿದೆ. ಆದರೆ ಅವರ ಕೀರ್ತಿಯೆಲ್ಲ ಸೂಕ್ಷ್ಮವಾದ ಮುಖಾಭಿನಯದಿಂದ ಬಂದುದು! ಗರಡಿಯ ನೆರೆಯು ನೃತ್ಯವನ್ನು ಒಂದೇ ದಿಕ್ಕಿಗೆ ಎಳೆಯುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಅನಂತರದ ಕೃತಿಗಳಲ್ಲಿ "ಲೀಲಾವತಿ" (1989) ನಮ್ಮಂತಹವರಿಗೆ ವಿಶೇಷವಾಗಿ ವಿಚಾರಣೀಯ. ಇದಕ್ಕೆ ಆಧಾರವು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ಗಣಿತಗ್ರಂಥ. ತುಂಬಿಗಳ ಹಿಂಡು, ಹಂಸಗಳ ಸಾಲು ಮುಂತಾದುವನ್ನು ಲೆಕ್ಕಕ್ಕೆ ಹಿಡಿಯುವ ಅದರ ಶ್ಲೋಕಗಳನ್ನು ಅವರು ನರ್ತಕಿಯರ ಮೈಗಳ ನಡುವಣ ಎಣಿಕೆಯಾಗಿಯೂ ಅಂತರವಾಗಿಯೂ ಮಾರ್ಪಡಿಸಿದರು. ಸಾಹಿತ್ಯವಿರೋಧಿಯೆನಿಸಿಕೊಂಡವರು ಶ್ಲೋಕಕ್ಕೇ ಮರಳಿದ್ದು ಗಮನಾರ್ಹವಲ್ಲವೆ? "ಪ್ರಾಣ"ದಲ್ಲಿ (1990) ಉಸಿರನ್ನೂ ಯೋಗಾಸನಗಳನ್ನೂ ನವಗ್ರಹಹಸ್ತಗಳೊಡನೆ ಹೊಂದಿಸಿದರು. "ಶ್ರೀ"ಯಲ್ಲಿ (1991) ವಸ್ತುವೆಂದರೆ ಹೆಣ್ಣಿನ ಬೆನ್ನುಮೂಳೆ: ಅದು ಬಾಗಿ ನಡೆದುದೂ, ಮತ್ತೆ ನೆಟ್ಟಗಾದುದೂ. ಚಳವಳಿಗಳ ನಡುವೆ ಕಳೆದ ವರ್ಷಗಳ ಅನುಭವವನ್ನು ಇಲ್ಲಿ ಯಾವ ಪಾತ್ರವೂ ಹೇಳಿಕೊಳ್ಳುವುದಿಲ್ಲ. ಮೈಯ ಏರಿಳಿತವೇ ಅದನ್ನು ಹೊತ್ತಿದೆ.

ಕೊನೆಯ ಕೃತಿಯಾದ "ಶರೀರ"ವು (2001) ಗುಂಡೇಚಾ ಸಹೋದರರ ಧ್ರುಪದಗಾನದೊಡನೆ ಅತಿ ವಿಳಂಬವಾಗಿ ಸಾಗುವ, ಇಬ್ಬರೇ ನರ್ತಿಸುವ ಪ್ರಬಂಧ. ಅದರಲ್ಲಿ ನರ್ತಿಸಿದ ತಿಶಾನಿ ದೋಶಿಯವರು ಕವಿಯಿತ್ರಿ, ಅದಕ್ಕೆ ಮೊದಲು ನೃತ್ಯಶಿಕ್ಷಣವನ್ನು ಪಡೆದವರಲ್ಲ; ಶಾಜಿ ಜಾನ್ ಅವರು ಕಳರಿಯವರು. ಇದು ಭರತನಾಟ್ಯವೇ ಅಲ್ಲವೆಂದು ಸಂಪ್ರದಾಯಸ್ಥರು ಆಕ್ಷೇಪಿಸಿದರೆ, ಲಕ್ಷಣದ ದೃಷ್ಟಿಯಿಂದ ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅರೆಮಂಡಿಯ ಅರ್ಥವೇನೆಂದು ಕೇಳಿದವರಿಗೆ ಆ ಕೃತಿಯು ಕೊಡುವ ಉತ್ತರವು ಅನೇಕ ಲಕ್ಷಣಬದ್ಧ ಪ್ರದರ್ಶನಗಳಲ್ಲಿ ದೊರೆಯುವುದಿಲ್ಲ.

ಇಂತಹ ಕೃತಿಗಳ ಪಾಠವನ್ನು ಉಳಿಸಿಕೊಳ್ಳುವುದು ಹೇಗೆಂಬುದು ಸಂಶೋಧಕರಿಗೆ ತೊಡಕಿನ ವಿಷಯ. ಪದಕ್ಕೆ ಓಲೆಗರಿಯುಂಟು, ವರ್ಣಕ್ಕೆ ಸ್ವರಲಿಪಿಯುಂಟು. ರುಸ್ತುಂ ಭರೂಚಾ ಅವರು ಚಂದ್ರಲೇಖಾ ಅವರನ್ನು ಕುರಿತು 1995ರಲ್ಲಿ ಪ್ರಕಟಿಸಿದ ಗ್ರಂಥವು ಬೆಲೆಯುಳ್ಳದ್ದೇ ಆದರೂ ಅದು "ಶರೀರ"ಕ್ಕಿಂತ ಹಿಂದಿನದು. ಆ ಪ್ರಬಂಧವನ್ನಾದರೋ 2006ರಲ್ಲಿ ರಚಯಿತ್ರಿಯು ತೀರಿಕೊಂಡ ಮೇಲೆಯೂ ಅದೇ ಇಬ್ಬರು ತಮ್ಮ ಮೈಗಳ ನೆನಪಿನಿಂದಲೇ ಅನೇಕ ವರ್ಷ ಪ್ರದರ್ಶಿಸಿದರು.