ಕನ್ನಕ್ಕೂ ಒಂದು ನೀತಿ

ಮನೆಯೊಳಗೆ ನುಗ್ಗಲು ಕಳ್ಳ ಗೋಡೆಯಲ್ಲಿ ಕೊರೆಯುವ ಕಂಡಿಗೆ ಕನ್ನ ಎನ್ನುತ್ತಾರೆ. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನವು ಬಂದರೂ ಪದ ಸಾಯಲಿಲ್ಲ. ಕಳ್ಳರು ಕಂಪ್ಯೂಟರಿಗೆ ನುಗ್ಗತೊಡಗಿದಾಗ ಪತ್ರಿಕೆಗಳು ಹ್ಯಾಕಿಂಗ್‌ಗೆ ಇದೇ ಪದ ಹಚ್ಚಿದವು: ಖಾತೆಗೆ ಕನ್ನ, ಜಾಲತಾಣಕ್ಕೆ ಕನ್ನ. ಪದ ಎದುರು ದಿಕ್ಕಿಗೂ ತಿರುಗಿದೆ. ಕಂಪನಿ ಸದ್ದಿಲ್ಲದೆ ದರ ಏರಿಸಿದರೆ, ಕೇಳದ ಸೇವೆಗೆ ದುಡ್ಡು ಮುರಿದುಕೊಂಡರೆ, ಅದು ಗ್ರಾಹಕರ ಜೇಬಿಗೆ ಕನ್ನ. ಎರಡೂ ಬಳಕೆ ಅಕ್ಕಪಕ್ಕ ನಿಂತಾಗ ಒಂದು ವಾದ ತಾನಾಗಿ ಹುಟ್ಟುತ್ತದೆ: ನಮ್ಮ ಜೇಬಿಗೆ ಕನ್ನ ಹಾಕಿದವರ ಕಂಪ್ಯೂಟರಿಗೆ ಕನ್ನ ಹಾಕಿದರೆ ತಪ್ಪೇನು, ಅದೂ ಪ್ರತಿಭಟನೆಯೇ ಅಲ್ಲವೇ? ಈ ವಾದದ ಹಿಂದಿನ ಸಿಟ್ಟು ನ್ಯಾಯವಾದದ್ದು, ಹಿಡಿದ ದಾರಿ ತಪ್ಪು ಎಂಬುದು ನನ್ನ ನಂಬಿಕೆ. ಅದನ್ನು ಅಳೆಯುವ ಹಳೆಯ ಅಳತೆಗೋಲು ಬೀದರ ಜಿಲ್ಲೆಯಲ್ಲೇ ಇದೆ.

12ನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣದ ಶರಣ ಪರಂಪರೆಯಲ್ಲಿ ಕನ್ನದ ಮಾರಿತಂದೆಯ ಹೆಸರು ಬರುತ್ತದೆ. ಕನ್ನ ಕೊರೆಯುವ ಕಸುಬೇ ಹೆಸರಿಗೂ ಅಂಟಿದ ಶರಣ ಅವನು. ಉಳಿದಿರುವ ಅವನ ಬೆರಳೆಣಿಕೆಯ ವಚನಗಳಲ್ಲಿ ಒಂದು ಕಳವಿಗೂ ಮರ್ಯಾದೆಯ ಗೆರೆ ಎಳೆಯುತ್ತದೆ. ಮಲಗಿದವರ ಮೈಮರೆವನ್ನು ಬಳಸಿಕೊಳ್ಳುವುದು ತನ್ನ ಕಸುಬಿಗೇ ಕುಂದು, ಮನೆಯವರು ಎದ್ದಿರಬೇಕು, ಯಾವುದು ಅವರದು ಎಂದು ಅವರಿಗೆ ಗೊತ್ತಾಗಬೇಕು ಎಂಬುದು ಅದರ ಭಾವ. ಅಲ್ಲಿನ ಅರ್ಥ ಅಧ್ಯಾತ್ಮದ್ದು. ಆದರೂ ಎಬ್ಬಿಸುವವನಿಗೂ ಕದಿಯುವವನಿಗೂ ನಡುವೆ ಆ ವಚನ ತೋರುವ ಅಂತರ ನಮ್ಮ ಕಾಲಕ್ಕೂ ಸಲ್ಲುತ್ತದೆ.

ಕಂಪನಿಯ ಗೋಡೆ ಕೊರೆದಾಗ ಕೈಗೆ ಸಿಗುವುದು ಯಾರ ಒಡವೆ? 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಪಾಲಿಸಿ ಕಾಗದ, ವೈದ್ಯಕೀಯ ವರದಿಗಳು ಟೆಲಿಗ್ರಾಂನಲ್ಲಿ ಬಯಲಾದವು. ಮೂರು ಕೋಟಿಗೂ ಹೆಚ್ಚು ಜನರ ಮಾಹಿತಿ ತನ್ನ ಬಳಿ ಇದೆ ಎಂದು ಕದ್ದವನು ಹೇಳಿಕೊಂಡ. ಕಂಪನಿಗೆ ಮುಜುಗರವಾಯಿತು, ಖರ್ಚೂ ಬಂದಿತು. ಬಯಲಾದ ಕಾಯಿಲೆ ಮಾತ್ರ ರೋಗಿಯದು. ಬೀದರ ಜಿಲ್ಲೆಯ ಔರಾದಿನಲ್ಲೋ ಭಾಲ್ಕಿಯಲ್ಲೋ ಕುಳಿತು ವಿಮೆ ಕೊಂಡವರು ಪಾಸ್‌ವರ್ಡ್ ಬದಲಿಸಬಹುದು, ಹುಟ್ಟಿದ ದಿನವನ್ನೂ ರಕ್ತಪರೀಕ್ಷೆಯ ವರದಿಯನ್ನೂ ಬದಲಿಸಲಾರರು. ಕಂಪನಿಯ ತಿಜೋರಿಯಲ್ಲಿ ಇರುವುದು ನಮ್ಮದೇ ಸೊತ್ತು. ಗ್ರಾಹಕನ ಹೆಸರಿನಲ್ಲಿ ಹಾಕಿದ ಕನ್ನ ಮೊದಲು ತೆರೆಯುವುದು ಗ್ರಾಹಕನ ಮನೆಗೇ.

ಹಾಗಾದರೆ ನಿಯಮ ಮುರಿಯುವುದೆಲ್ಲ ತಪ್ಪೇ ಎಂದು ಕೇಳಬಹುದು. ಕನ್ನಡ ಕಲಿಕೆಗೆ ಅಡ್ಡಿಯಿದ್ದ ನಿಜಾಮರ ಆಡಳಿತದಲ್ಲಿ ಭಾಲ್ಕಿಯ ಮಠಾಧಿಪತಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೂ ಮರೆಯಲ್ಲಿ ನಡೆದ ಕೆಲಸವೇ. ಆದರೆ ಅವರು ಮರೆಮಾಚಿದ್ದು ಅಧಿಕಾರಸ್ಥರಿಂದ. ಅದರಿಂದ ಬಡಮಕ್ಕಳಿಗೆ ಕಳೆದದ್ದೇನೂ ಇಲ್ಲ, ಸಿಕ್ಕಿದ್ದು ಅಕ್ಷರ. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬೀಜ ಕಂಪನಿ ಮಾನ್ಸಾಂಟೊದ ಪ್ರಯೋಗದ ಹತ್ತಿ ಬೆಳೆ ಸುಟ್ಟದ್ದು ಮೊದಲೇ ಸಾರಿ ಹೇಳಿ, ಹಗಲಿನಲ್ಲಿ, ಹೆಸರು ಮುಚ್ಚಿಡದೆ. ಅದನ್ನು ಒಪ್ಪದವರೂ ಉತ್ತರಕ್ಕೆ ಯಾರನ್ನು ಹಿಡಿಯಬೇಕೆಂದು ಬಲ್ಲವರಾಗಿದ್ದರು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ನಷ್ಟ ಯಾರ ತಲೆಗೆ, ಹೊಣೆ ಯಾರ ಹೆಗಲಿಗೆ? ಮುಖವಿಲ್ಲದ ಹ್ಯಾಕರ್ ಎರಡಕ್ಕೂ ಉತ್ತರಿಸಲಾರ.

ಕನ್ನ ಎಂಬ ಪದವನ್ನು ಸಲ್ಲದವರ ಮೇಲೆ ಹೊರಿಸುವ ಅಪಾಯವೂ ಇದೆ. 2015ರಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಜಾಲತಾಣ ನೋಡುವಾಗ, ತಾವು ಬರೆಯದ ಕೋಡ್ ಅದರಲ್ಲಿ ಸೇರಿಕೊಂಡಿದ್ದನ್ನು ಕಂಡು ಎಲ್ಲರಿಗೂ ತೋರಿಸಿದರು. ಬಳಸಿದ ಡೇಟಾ ಎಷ್ಟೆಂದು ಗ್ರಾಹಕರಿಗೆ ತಿಳಿಸಲು ಆ ವ್ಯವಸ್ಥೆ ಎಂದು ಏರ್‌ಟೆಲ್ ಹೇಳಿತು. ಕೋಡ್ ಒದಗಿಸಿದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಪರವಾಗಿ ತೇಜೇಶ್ ಅವರಿಗೆ ವಕೀಲರ ನೋಟಿಸ್ ಬಂತು. ಅವರು ಯಾರ ಗೋಡೆಯನ್ನೂ ಕೊರೆದಿರಲಿಲ್ಲ. ಗ್ರಾಹಕನ ಗೋಡೆಯಲ್ಲಿದ್ದ ಕಂಡಿಯನ್ನು ಬೆರಳಿಟ್ಟು ತೋರಿಸಿದ್ದರು. ಇದು ಎಬ್ಬಿಸುವ ಕೆಲಸ.

ಕಾನೂನಿನ ದಾರಿ ನಿಧಾನ ಎಂಬ ಆಕ್ಷೇಪ ನಿಜ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು; ಔರಾದಿನವರು ಕಂಪನಿಯ ಮುಖ್ಯ ಕಚೇರಿ ಹುಡುಕಿ ಮುಂಬೈಗೆ ಹೋಗಬೇಕಿಲ್ಲ, ಬೀದರಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವೂ ಇಲ್ಲ. ಹ್ಯಾಕಿಂಗ್‌ಗಾದರೆ ಐಟಿ ಕಾಯ್ದೆಯ 66ನೆಯ ಕಲಂ ಮೂರು ವರ್ಷದವರೆಗೆ ಜೈಲು ಹೇಳುತ್ತದೆ. ಕದಿಯುವವನಿಗೆ ಆ ಶಿಕ್ಷೆ ಇರಲಿ. ಕಂಡಿಯನ್ನು ತೋರಿಸಿ, ಏನನ್ನೂ ಒಯ್ಯದೆ, ತನ್ನ ಹೆಸರಿನಲ್ಲೇ ಮಾತಾಡುವವನಿಗೆ ಸ್ಪಷ್ಟ ರಕ್ಷಣೆ ಕೊಡುವ ಕಲಂ ಅದೇ ಕಾಯ್ದೆಯಲ್ಲಿ ಬರಬೇಕು. ಗ್ರಾಹಕ ಚಳವಳಿ ಬೀದಿಗಿಳಿದು ಕೇಳಬೇಕಾದ ಹಕ್ಕು ಇದು.