ಅಮೆರಿಕದಲ್ಲಿ ಸೇನೆಯ ಹಳೇ ರೈಫಲ್ ಯಾರು ಬೇಕಾದರೂ ಕೊಳ್ಳಬಹುದೇ? ಎಂ1 ಗ್ಯಾರಂಡ್ ಬಗ್ಗೆ ಹರಿದಾಡುವ ಮಾತುಗಳು ಮತ್ತು ವಾಸ್ತವ

"ಅಮೆರಿಕದಲ್ಲಿ ಸೇನೆಯೇ ಹಳೇ ಬಂದೂಕುಗಳನ್ನು ಜನರಿಗೆ ಮಾರುತ್ತದೆ, ಅಂಚೆಯಲ್ಲಿ ಮನೆಗೇ ಬರುತ್ತದೆ, ಲೈಸೆನ್ಸ್ ಬೇಡ, ಏನೂ ಬೇಡ." ಇಂಥ ಒಕ್ಕಣೆಯ ಸಂದೇಶಗಳು, ಜೊತೆಗೆ ಮರದ ಹಿಡಿಕೆಯ ಹಳೇ ರೈಫಲ್‌ನಿಂದ ಗುಂಡು ಹಾರಿಸುವ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಅಮೆರಿಕದಲ್ಲಿ ಕೆಲಸ ಮಾಡುವ ಮಗನಿಗೋ ಅಳಿಯನಿಗೋ ಇದನ್ನು ಕಳಿಸಿ "ನೀನೂ ಒಂದು ಕೊಂಡುಕೋ" ಎನ್ನುವವರೂ ಇದ್ದಾರೆ. ಈ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಆ ಸುಳ್ಳಿನ ಭಾಗವನ್ನು ನಂಬಿದರೆ ವೀಸಾ ಕಳೆದುಕೊಳ್ಳಬಹುದು, ಜೈಲು ಸೇರಬಹುದು, ಕೈಬೆರಳು ಜಜ್ಜಿಸಿಕೊಳ್ಳಬಹುದು. ಹಾಗಾಗಿ ಈ ಲೇಖನದಲ್ಲಿ ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲಿಗೆ, ಇದು ಯಾವ ರೈಫಲ್?

ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಎಂ1 ಗ್ಯಾರಂಡ್. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರದಲ್ಲಿ ಇದನ್ನು ರೂಪಿಸಿದರು. ಅಮೆರಿಕದ ಸೇನೆ 1936ರಲ್ಲಿ ಇದನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ಅಮೆರಿಕದ ಕಾಲಾಳುಗಳ ಮುಖ್ಯ ಆಯುಧ ಇದೇ ಆಗಿತ್ತು. 1957ರಲ್ಲಿ ಎಂ14 ರೈಫಲ್ ಇದರ ಜಾಗಕ್ಕೆ ಆಯ್ಕೆಯಾಯಿತು. ಅಷ್ಟರಲ್ಲಿ ಸುಮಾರು 54 ಲಕ್ಷ ಗ್ಯಾರಂಡ್‌ಗಳು ತಯಾರಾಗಿದ್ದವು. ಇಷ್ಟು ದೊಡ್ಡ ದಾಸ್ತಾನು ಉಳಿದದ್ದರಿಂದಲೇ ಇಂದಿಗೂ ಇವು ಮಾರಾಟಕ್ಕೆ ಸಿಗುತ್ತಿವೆ.

ರೈಫಲ್‌ನ ತೂಕ ಸುಮಾರು 4.3 ಕಿಲೋ. ಇದರಲ್ಲಿ ಬಳಸುವ ತೋಟಾ, ಅಂದರೆ ಕಾರ್ಟ್ರಿಜ್, .30-06 ಎಂಬುದು. 30 ಎಂದರೆ ಇಂಚಿನ ನೂರರಲ್ಲಿ ಮೂವತ್ತು ಭಾಗ, ನಳಿಗೆಯ ಒಳ ಅಡ್ಡಳತೆ. 06 ಎಂದರೆ ಆ ತೋಟಾ ಬಳಕೆಗೆ ಬಂದ ವರ್ಷ, 1906. ಎಂಟು ತೋಟಾಗಳನ್ನು ಹಿಡಿದಿಡುವ ಒಂದು ತಗಡಿನ ಕ್ಲಿಪ್ಪನ್ನು ಮೇಲಿನಿಂದ ಒಟ್ಟಿಗೇ ಒಳಕ್ಕೆ ಒತ್ತಬೇಕು.

ಮಾತು 1: "ಇದು ಮೆಷಿನ್ ಗನ್"

ಅಲ್ಲ. ಗ್ಯಾರಂಡ್ ಸೆಮಿ ಆಟೊಮ್ಯಾಟಿಕ್. ಒಮ್ಮೆ ಟ್ರಿಗ್ಗರ್ ಎಳೆದರೆ ಒಂದೇ ಗುಂಡು. ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ, ಆದರೆ ಅದು ಹಾರಲು ಟ್ರಿಗ್ಗರ್ ಬಿಟ್ಟು ಮತ್ತೆ ಎಳೆಯಬೇಕು. ಟ್ರಿಗ್ಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಸುರಿದರೆ ಮಾತ್ರ ಅದು ಆಟೊಮ್ಯಾಟಿಕ್.

ಇದು ಕೆಲಸ ಮಾಡುವ ಬಗೆ ಸರಳ. ಗುಂಡು ನಳಿಗೆಯ ತುದಿ ತಲುಪುವ ಹೊತ್ತಿಗೆ, ಹಿಂದೆ ನುಗ್ಗುತ್ತಿರುವ ಬಿಸಿ ಗಾಳಿಯ ಸ್ವಲ್ಪ ಭಾಗ ನಳಿಗೆಯಲ್ಲಿರುವ ಸಣ್ಣ ತೂತಿನಿಂದ ಕೆಳಕ್ಕೆ ಇಳಿಯುತ್ತದೆ. ಅದು ಆಪರೇಟಿಂಗ್ ರಾಡ್ ಎಂಬ ಉದ್ದನೆಯ ಉಕ್ಕಿನ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಸರಳು ಬೋಲ್ಟನ್ನು ತಿರುಗಿಸಿ ತೆರೆದು, ಖಾಲಿ ತೋಟಾ ಹೊರಗೆಸೆಯುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ಒಳಸೇರುತ್ತದೆ. ಈ ಸರಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಮಾತು 2: "ಸೇನೆಯೇ ಮಾರುತ್ತದೆ, ಅಂಚೆಯಲ್ಲಿ ಬರುತ್ತದೆ, ತಪಾಸಣೆ ಇಲ್ಲ"

ಇಲ್ಲಿ ನಿಜ ಮತ್ತು ಸುಳ್ಳು ಬೆರೆತಿವೆ. ನಾಗರಿಕರಿಗೆ ಗುರಿ ಹೊಡೆಯುವುದನ್ನು ಕಲಿಸುವ ಸರ್ಕಾರಿ ಕಾರ್ಯಕ್ರಮವೊಂದು ಅಮೆರಿಕದಲ್ಲಿ 1903ರಲ್ಲಿ ಶುರುವಾಯಿತು. 1996ರಲ್ಲಿ ಅಲ್ಲಿನ ಸಂಸತ್ತು ಅದನ್ನು ಲಾಭರಹಿತ ಸಂಸ್ಥೆಯಾಗಿ ಬೇರ್ಪಡಿಸಿತು. ಅದೇ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಚಿಕ್ಕದಾಗಿ ಸಿಎಂಪಿ. ಸೇನೆ ಕೊಟ್ಟ ಹಳೇ ಗ್ಯಾರಂಡ್‌ಗಳನ್ನೂ, ಮಿತ್ರ ದೇಶಗಳಿಗೆ ಎರವಲು ಹೋಗಿ ವಾಪಸ್ ಬಂದವನ್ನೂ ಇದು ಮಾರುತ್ತದೆ. ಅಲಬಾಮಾದ ಆ್ಯನಿಸ್ಟನ್ ಮತ್ತು ಒಹಾಯೋದ ಕ್ಯಾಂಪ್ ಪೆರಿಯಲ್ಲಿ ಇದರ ಮಳಿಗೆಗಳಿವೆ. ಅನೇಕ ರಾಜ್ಯಗಳಲ್ಲಿ ರೈಫಲ್ ಮನೆಗೇ ಬರುವುದೂ ನಿಜ. ಕೆಲವು ರಾಜ್ಯಗಳಲ್ಲಿ ಮಾತ್ರ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಪಡೆಯಬೇಕು.

ಆದರೆ ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವ ಷರತ್ತುಗಳು ಇವು. ಕೊಳ್ಳುವವರು ಅಮೆರಿಕದ ಪೌರರಾಗಿರಬೇಕು. ಸಿಎಂಪಿಗೆ ಸೇರಿದ ಕ್ಲಬ್ಬಿನ ಸದಸ್ಯತ್ವ ಇರಬೇಕು. ಗುರಿ ಅಭ್ಯಾಸದಲ್ಲಿ ಭಾಗವಹಿಸಿದ ದಾಖಲೆ ತೋರಿಸಬೇಕು, ಇದರಲ್ಲಿ ಕೆಲವರಿಗೆ ವಿನಾಯಿತಿ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಬೆಲೆಯೂ ಪುಕ್ಕಟೆ ಅಲ್ಲ. ದರ್ಜೆಗೆ ತಕ್ಕಂತೆ ಹೆಚ್ಚು ಕಡಿಮೆಯಾದರೂ ಸಾವಿರ ಡಾಲರ್ ಆಸುಪಾಸಿನ ವ್ಯವಹಾರ ಇದು.

"ಇದು ಆಂಟಿಕ್, ಕಾನೂನು ಅನ್ವಯಿಸಲ್ಲ" ಎಂಬ ಮಾತೂ ತಪ್ಪು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಆಂಟಿಕ್ ಎಂಬ ವಿನಾಯಿತಿ ಮುಖ್ಯವಾಗಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳಿಗೆ. 1936ರ ವಿನ್ಯಾಸದ ಗ್ಯಾರಂಡ್ ಎಷ್ಟೇ ಹಳೆಯದಾಗಿ ಕಂಡರೂ ಕಾನೂನಿನ ಕಣ್ಣಿನಲ್ಲಿ ಪೂರ್ತಿ ಬಂದೂಕೇ.

ಮಾತು 3: "ಎಚ್1ಬಿ ವೀಸಾದಲ್ಲಿ ಇರುವವರೂ ಹೋಗಿ ಹೊಡೆದು ಬರಬಹುದು"

ನಮ್ಮ ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯ ತರುವ ಮಾತು ಇದು. ಎಚ್1ಬಿ, ಎಫ್1 ಸೇರಿದಂತೆ ತಾತ್ಕಾಲಿಕ ವೀಸಾದ ಮೇಲೆ ಅಮೆರಿಕಕ್ಕೆ ಹೋದವರು ಬಂದೂಕು ಅಥವಾ ತೋಟಾ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಅಲ್ಲಿನ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಕೊಳ್ಳುವುದಷ್ಟೇ ಅಲ್ಲ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದನ್ನೂ 'ಬಳಿ ಇಟ್ಟುಕೊಳ್ಳುವುದು' ಎಂದೇ ಪರಿಗಣಿಸಬಹುದು. ಶಿಕ್ಷೆ 15 ವರ್ಷ ಜೈಲಿನವರೆಗೂ ಹೋಗಬಹುದು. ವೀಸಾ ಮತ್ತು ಮುಂದಿನ ಗ್ರೀನ್ ಕಾರ್ಡ್ ಆಸೆಯ ಮೇಲೂ ಏಟು ಬೀಳುತ್ತದೆ.

ವಿನಾಯಿತಿಗಳಿವೆ. ಅಮೆರಿಕದ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಅಂಥ ಒಂದು ವಿನಾಯಿತಿ. ಆದರೆ ಅದನ್ನು ನಂಬಿ ಮುಂದುವರಿಯುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕೇಳುವುದು ಕ್ಷೇಮ. ಅಂಗಡಿಯಲ್ಲಿ ತುಂಬಬೇಕಾದ ಅರ್ಜಿಯಲ್ಲಿ ವೀಸಾ ಕುರಿತ ಪ್ರಶ್ನೆ ಇರುತ್ತದೆ. ಅಲ್ಲಿ ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಇಲ್ಲ, ಅವರು ಸಾಮಾನ್ಯ ಅಂಗಡಿಯಲ್ಲಿ ಕೊಳ್ಳಬಹುದು. ಸಿಎಂಪಿಯಲ್ಲಿ ಮಾತ್ರ ಪೌರತ್ವವೇ ಬೇಕು.

ಆದ್ದರಿಂದ "ವೀಕೆಂಡ್ ಮಜಾ" ಎಂದು ರೈಫಲ್ ಹಿಡಿದ ಫೋಟೊ ಫೇಸ್‌ಬುಕ್‌ಗೆ ಹಾಕುವ ಮುನ್ನ ನಿಮ್ಮ ವೀಸಾ ಯಾವುದು ಎಂದು ನೋಡಿಕೊಳ್ಳಿ.

ಮಾತು 4: "ಅಳತೆ ಹೊಂದಿದರೆ ಯಾವ ತೋಟಾ ಬೇಕಾದರೂ ಹಾಕಬಹುದು"

ತಪ್ಪು. ಗ್ಯಾರಂಡನ್ನು ರೂಪಿಸಿದ್ದು ಆ ಕಾಲದ ಸೇನೆಯ ತೋಟಾಕ್ಕೆ. ಅದರ ಗುಂಡು ಸುಮಾರು 9.7 ಗ್ರಾಂ, ಅಂದರೆ 150 ಗ್ರೇನ್. ಇಂದು ಬೇಟೆಗೆಂದು ಮಾರುವ .30-06 ತೋಟಾಗಳಲ್ಲಿ ಹಲವು ಇದಕ್ಕಿಂತ ಭಾರದ ಗುಂಡು ಮತ್ತು ನಿಧಾನವಾಗಿ ಉರಿಯುವ ಮದ್ದು ಹೊಂದಿರುತ್ತವೆ. ಅವು ರೈಫಲ್‌ನಲ್ಲಿ ಸರಿಯಾಗಿಯೇ ಕೂರುತ್ತವೆ. ಆದರೆ ಮದ್ದು ನಿಧಾನವಾಗಿ ಉರಿದಾಗ, ಗುಂಡು ನಳಿಗೆಯ ತುದಿಯ ತೂತು ದಾಟುವ ಹೊತ್ತಿಗೂ ಒತ್ತಡ ಜೋರಾಗಿಯೇ ಉಳಿದಿರುತ್ತದೆ. ಆ ಏಟನ್ನು ತಿನ್ನುವುದು ನಾವು ಮೇಲೆ ಹೇಳಿದ ಸರಳು. ಅದು ಬಾಗಿದರೆ ರೈಫಲ್ ಕೆಟ್ಟಂತೆಯೇ.

ಪರಿಹಾರ ಸುಲಭ. ಡಬ್ಬಿಯ ಮೇಲೆ ಎಂ1 ಗ್ಯಾರಂಡ್‌ಗೆಂದೇ ಬರೆದಿರುವ ತೋಟಾ ಕೊಳ್ಳಬೇಕು. ಇಲ್ಲವಾದರೆ ಒತ್ತಡವನ್ನು ಹೊರಬಿಡುವ, ಹೊಂದಿಸಿಕೊಳ್ಳಬಹುದಾದ ಗ್ಯಾಸ್ ಪ್ಲಗ್ ಹಾಕಿಸಬೇಕು.

ಮಾತು 5: "ಹಳೇ ಮಿಲಿಟರಿ ತೋಟಾವೇ ಉತ್ತಮ, ಎಣ್ಣೆ ಹಾಕಿ ಒರೆಸಿದರೆ ಸಾಕು"

ಎರಡನೇ ಮಹಾಯುದ್ಧದ ಕಾಲದ ಬಹುತೇಕ .30-06 ತೋಟಾಗಳ ತಳದ ಕ್ಯಾಪ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ನಳಿಗೆಯೊಳಗೆ ಅಂಟುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗುವುದನ್ನು ನೋಡಿದ್ದೀರಲ್ಲ, ಈ ಲವಣವೂ ಹಾಗೆಯೇ ಗಾಳಿಯ ತೇವ ಎಳೆದುಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಅಂಥ ತೋಟಾ ಹೊಡೆದ ದಿನವೇ ನಳಿಗೆ ಮತ್ತು ಗ್ಯಾಸ್ ಸಿಲಿಂಡರನ್ನು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಬರೀ ಎಣ್ಣೆ ಹಾಕಿದರೆ ಉಪ್ಪಿನ ಮೇಲೆ ಮುಚ್ಚಳ ಹಾಕಿದಂತೆ.

ಮಾತು 6: "'ಪಿಂಗ್' ಸದ್ದಿನಿಂದಲೇ ಸಾವಿರಾರು ಸೈನಿಕರು ಸತ್ತರು"

ಎಂಟನೇ ಗುಂಡು ಹಾರಿದ ಕೂಡಲೇ ಖಾಲಿ ಕ್ಲಿಪ್ 'ಪಿಂಗ್' ಎಂದು ಹೊರಗೆ ಚಿಮ್ಮುತ್ತದೆ. ಈ ಸದ್ದು ಕಾಲ್ ಆಫ್ ಡ್ಯೂಟಿಯಂಥ ಗೇಮ್‌ಗಳಿಂದ ನಮ್ಮ ಹುಡುಗರಿಗೂ ಪರಿಚಿತ. ಅದನ್ನು ಕೇಳಿ ಶತ್ರುಗಳು "ಗುಂಡು ಖಾಲಿ" ಎಂದು ನುಗ್ಗಿ ಕೊಲ್ಲುತ್ತಿದ್ದರು ಎಂಬ ಕಥೆ ಬಹಳ ಹಳೆಯದು. ಹಲವು ಮಾಜಿ ಸೈನಿಕರೂ ಇದನ್ನು ನಂಬಿದ್ದರು.

ಯೋಚಿಸಿ ನೋಡಿದರೆ ಕಥೆ ನಿಲ್ಲುವುದಿಲ್ಲ. ರೈಫಲ್ ಸದ್ದು 160 ಡೆಸಿಬಲ್ ಆಸುಪಾಸು. ಸುತ್ತ ಫಿರಂಗಿ, ಮೆಷಿನ್ ಗನ್ ಮೊರೆಯುವಾಗ ನೂರು ಮೀಟರ್ ಆಚೆಯ ತಗಡಿನ ಸದ್ದು ಕೇಳುವುದೇ ಕಷ್ಟ. ಕೇಳಿದರೂ, ಅಮೆರಿಕದ ಒಂದು ತುಕಡಿಯಲ್ಲಿ 12 ಮಂದಿ ಇರುತ್ತಿದ್ದರು. ಒಬ್ಬನದು ಖಾಲಿಯಾದರೆ ಉಳಿದವರದು ತುಂಬಿಯೇ ಇರುತ್ತದೆ. ಹೊಸ ಕ್ಲಿಪ್ ತುಂಬಲು ಬೇಕಾದದ್ದು ಕೆಲವೇ ಸೆಕೆಂಡ್. ಸಾವಿರಾರು ಸಾವಿನ ಮಾತಿಗೆ ಆಧಾರವಿಲ್ಲ.

ಮಾತು 7: "ಹೆಬ್ಬೆರಳು ಜಜ್ಜುವುದು ಬರೀ ತಮಾಷೆ"

ಇದು ಮಾತ್ರ ನಿಜ, ತಮಾಷೆಯೂ ಅಲ್ಲ. ಕ್ಲಿಪ್ ಪೂರ್ತಿ ಒಳಗಿಳಿದ ಕೂಡಲೇ ಬೋಲ್ಟ್ ರಭಸದಿಂದ ಮುಂದಕ್ಕೆ ಬರುತ್ತದೆ. ಬೆರಳು ಅಲ್ಲೇ ಇದ್ದರೆ ಉಗುರು ಕಪ್ಪಗಾಗುವುದು ಖಚಿತ. ಶೂಟರ್‌ಗಳು ಇದನ್ನು 'ಗ್ಯಾರಂಡ್ ಥಂಬ್' ಎನ್ನುತ್ತಾರೆ. ಬಲಗೈ ಅಂಚಿನಿಂದ ಸರಳಿನ ಹಿಡಿಯನ್ನು ತಡೆದು ಹಿಡಿದು, ಹೆಬ್ಬೆರಳಿನಿಂದ ಕ್ಲಿಪ್ ಒತ್ತಿ, ಬೆರಳು ತೆಗೆದ ಮೇಲೆ ಹಿಡಿ ಬಿಡುವುದು ಸರಿಯಾದ ಕ್ರಮ. ಖಾಲಿ ರೈಫಲ್ ಸ್ವಚ್ಛ ಮಾಡುವಾಗಲೂ ಇದೇ ಎಚ್ಚರ ಬೇಕು.

ಒಂದೊಂದೇ ತೋಟಾವನ್ನು ನೇರವಾಗಿ ನಳಿಗೆಯೊಳಗೆ ಇಟ್ಟು ಬೋಲ್ಟ್ ಬಿಡುವುದು ಇನ್ನೂ ಅಪಾಯ. ಇದರ ಫೈರಿಂಗ್ ಪಿನ್ ಸಡಿಲವಾಗಿ ಓಡಾಡುತ್ತದೆ. ಬೋಲ್ಟ್ ಬಡಿದ ರಭಸಕ್ಕೆ ಪಿನ್ ಕ್ಯಾಪ್‌ಗೆ ತಾಗಿ, ಟ್ರಿಗ್ಗರ್ ಮುಟ್ಟದೆಯೇ ಗುಂಡು ಹಾರಬಹುದು.

ಕಾನೂನುಬದ್ಧವಾಗಿ ಕೊಳ್ಳುವವರು ಏನು ನೋಡಬೇಕು?

• ರಿಸೀವರ್, ಅಂದರೆ ಬೋಲ್ಟ್ ಕೂರುವ ಉಕ್ಕಿನ ಮೈ. ಸೇನೆ ಕತ್ತರಿಸಿ ಎಸೆದ ರಿಸೀವರ್‌ಗಳನ್ನು ಬೆಸುಗೆ ಹಾಕಿ ಮಾರಿದ್ದೂ ಉಂಟು. ಬೆಸುಗೆಯ ಗುರುತು ಕಂಡರೆ ಕೊಳ್ಳಬೇಡಿ.

• ಹೆಡ್‌ಸ್ಪೇಸ್, ಅಂದರೆ ತೋಟಾ ಕೂತಾಗ ಬೋಲ್ಟ್‌ಗೂ ಅದಕ್ಕೂ ಉಳಿಯುವ ಸಡಿಲ. ಇದು ಹೆಚ್ಚಾದರೆ ಹಿತ್ತಾಳೆ ತೋಟಾ ಒಡೆಯಬಹುದು. ಬಂದೂಕು ರಿಪೇರಿ ಬಲ್ಲವರು ಗೇಜ್ ಹಾಕಿ ಪರೀಕ್ಷಿಸಿದ ಮೇಲಷ್ಟೇ ಮೊದಲ ಗುಂಡು.

• ನಳಿಗೆಯ ಸವೆತ. ಹಿಂಭಾಗ, ತುದಿ ಎರಡನ್ನೂ ಅಳೆಯಬೇಕು. ಹೊರಗೆ ಮಿರಮಿರ ಮಿಂಚಿದರೆ ಒಳಗೂ ಚೆನ್ನಾಗಿದೆ ಎಂದಲ್ಲ.

• "ಎಲ್ಲ ಭಾಗವೂ ಮೂಲದ್ದೇ" ಎಂಬ ಮಾತು. ಸೇನೆಯ ಶಸ್ತ್ರಾಗಾರಗಳಲ್ಲಿ ಇವನ್ನು ಬಿಚ್ಚಿ, ಸಿಕ್ಕ ಭಾಗ ಹಾಕಿ ಮತ್ತೆ ಜೋಡಿಸುತ್ತಿದ್ದರು. ಮಿಶ್ರ ಭಾಗಗಳಿರುವುದೇ ಸಹಜ. ಮೂಲದ್ದೆಂದು ಹೆಚ್ಚು ಬೆಲೆ ಕೇಳಿದರೆ ಸಾಕ್ಷ್ಯ ಕೇಳಿ.

• ಕಿವಿ, ಕಣ್ಣು. 140 ಡೆಸಿಬಲ್ ಮೀರಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಲ್ಲದು. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಕಣ್ಣಿಗೆ ಕನ್ನಡಕ ಕಡ್ಡಾಯ. ಹೊಡೆದ ನಂತರ ಕೈ ತೊಳೆಯದೆ ಏನೂ ತಿನ್ನಬೇಡಿ, ಸೀಸದ ಪುಡಿ ಕೈಗೆ ಅಂಟಿರುತ್ತದೆ.

• ಜಾಗ. ಈ ಗುಂಡು ಸುಮಾರು 3 ಕಿಲೋಮೀಟರ್ ದೂರ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬ ಇರುವ ರೇಂಜಿನಲ್ಲಿ ಮಾತ್ರ ಹೊಡೆಯಬೇಕು.

ಭಾರತಕ್ಕೆ ತರಬಹುದೇ?

"ನೆನಪಿಗೆ ಊರಿಗೆ ತಂದಿಟ್ಟುಕೊಳ್ಳಿ" ಎಂಬ ಸಲಹೆಯನ್ನು ನಂಬಬೇಡಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಹೊರದೇಶದಿಂದ ತರಲು ಅನುಮತಿ ಬೇರೆಯೇ ಬೇಕು. 2016ರ ನಿಯಮಗಳು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಬೆಳೆ ರಕ್ಷಣೆಗೆ ಸಿಗುವ ಸಾಮಾನ್ಯ ಲೈಸೆನ್ಸಿನಲ್ಲಿ ಇವು ಬರುವುದಿಲ್ಲ.

ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಆ ವಿನಾಯಿತಿ ವಿದೇಶದಿಂದ ರೈಫಲ್ ತರುವ ಅನುಮತಿಯಲ್ಲ. ರೈಫಲ್ ಬಿಡಿ, ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ಜೀವಂತ ಗುಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಪೊಲೀಸ್ ಕೇಸು ಎದುರಿಸಬೇಕಾಗುತ್ತದೆ. ರೇಂಜಿಗೆ ಒಯ್ದ ಬ್ಯಾಗನ್ನು ಊರಿಗೆ ತರಲೇಬೇಡಿ.

ಒಟ್ಟಾರೆ ಹೇಳುವುದಾದರೆ

ಗ್ಯಾರಂಡ್ ಇತಿಹಾಸದ ವಸ್ತುವೂ ಹೌದು, ಇವತ್ತಿಗೂ ಪ್ರಾಣ ತೆಗೆಯಬಲ್ಲ ಆಯುಧವೂ ಹೌದು. ಕ್ಯಾಂಪ್ ಪೆರಿಯಲ್ಲಿ ಜಾನ್ ಗ್ಯಾರಂಡ್ ಹೆಸರಿನಲ್ಲೇ ನಡೆಯುವ ಸ್ಪರ್ಧೆಯಲ್ಲಿ ಜನ ಇದರಿಂದ 200 ಗಜ ದೂರದ ಗುರಿಗೆ ಹೊಡೆಯುತ್ತಾರೆ. ಅವರೆಲ್ಲ ನಿಯಮ ಕಲಿತು, ತಪಾಸಣೆ ದಾಟಿ, ಸರಿಯಾದ ತೋಟಾ ಕೊಂಡು ಬಂದವರು. ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಅದ್ಯಾವುದೂ ಕಾಣುವುದಿಲ್ಲ. "ಲೈಸೆನ್ಸ್ ಬೇಡ" ಎಂಬ ಫಾರ್ವರ್ಡ್ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅಮೆರಿಕದಲ್ಲಿ ವೀಸಾದ ಮೇಲಿರುವ ನಿಮ್ಮವರು ಯಾರಾದರೂ ಇದ್ದರೆ, ಅದರ ಬದಲು ಮೇಲಿನ ಮೂರನೇ ಮಾತನ್ನು ಕಳಿಸಿ.